ಮಗನಿಗೆ ಸೆನ್ಸರಿ ಥೆರಪಿ ಶುರು ಮಾಡಬೇಕಾ? ಕೊಡಗಿನವರು ಯಾರಾದರೂ ಹೇಳಿ

ನಾಪೋಕ್ಲು ಕಡೆಯ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ನಾಪೋಕ್ಲು ಹತ್ತಿರ ಇದ್ದೇವೆ, ಸ್ವಲ್ಪ ಕಾಫಿ ತೋಟ ಇದೆ. ಮಗನಿಗೆ ನಾಲ್ಕೂವರೆ ವರ್ಷ, ಎಲ್‌ಕೆಜಿ. ಮಾತು ತಡವಾಗಿ ಬಂತು, ಈಗ ಮೂರ್ನಾಲ್ಕು ಪದ ಸೇರಿಸಿ ಹೇಳುತ್ತಾನೆ.

ಒಂದು ಕಡೆ ಕೂರುವುದೇ ಇಲ್ಲ. ಮಂಚದಿಂದ ಹಾರುತ್ತಾನೆ, ಗೋಡೆಗೆ ಹೋಗಿ ಗುದ್ದುತ್ತಾನೆ, ನಿಂತಲ್ಲೇ ಗಿರಗಿರ ತಿರುಗುತ್ತಾನೆ, ತಲೆ ಸುತ್ತುವುದೇ ಇಲ್ಲ ಅವನಿಗೆ. ಅರ್ಧ ಹೊತ್ತು ತುದಿಗಾಲಲ್ಲೇ ನಡೆಯುತ್ತಾನೆ. ಅಷ್ಟು ಧೈರ್ಯದ ಮಗು, ಆದರೆ ಅಂಗಳದ ಕೆಸರಿಗೆ ಕಾಲಿಡಲ್ಲ, ಅನ್ನ ಸಾರು ಕೈಗೆ ಅಂಟಿದರೆ ಕಿರುಚುತ್ತಾನೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಪಲ್ಪರ್, ಶುರುವಾದ್ರೆ ಕಿವಿ ಮುಚ್ಚಿಕೊಂಡು ಒಳಗೆ ಓಡುತ್ತಾನೆ. ಹೋದ ಪುತ್ತರಿಯಲ್ಲಿ, ನಮ್ಮ ಸುಗ್ಗಿ ಹಬ್ಬದಲ್ಲಿ, ಕದಿರು ಕೊಯ್ಯುವಾಗ ಕೋವಿ ಹಾರಿಸಿದ್ದು ಒಂದೇ ಗುಂಡು, ಇವನು ಮಂಚದ ಕೆಳಗೆ ಸೇರಿದವನು ಊಟಕ್ಕೂ ಬರಲಿಲ್ಲ. ಸಾಲಿನಲ್ಲಿ ನಿಂತಾಗ ಪಕ್ಕದ ಮಕ್ಕಳ ಮೇಲೆ ಬೀಳುತ್ತಾನೆ, ಪೆನ್ಸಿಲ್ ಹಿಡಿಯಲ್ಲ ಅಂತ ಮಿಸ್ ಹೇಳುತ್ತಾರೆ.

ಅತ್ತೆ, "ಅವನಪ್ಪನೂ ಹೀಗೇ ಇದ್ದ, ತಾನಾಗೇ ಸರಿಯಾಗುತ್ತೆ" ಅನ್ನುತ್ತಾರೆ. ಆದರೆ ಪೇಟೆಯಲ್ಲಿ ಒಂದು ಸೆಂಟರಿಗೆ ಹೋಗಿದ್ದೆವು. ಮೂವ್‌ಮೆಂಟ್ ಥೆರಪಿಯಿಂದ ಎಡ ಮೆದುಳು ಬಲ ಮೆದುಳು ಜೋಡಿಸುತ್ತೇವೆ, ಆರು ವರ್ಷದ ಒಳಗೆ ಮಾಡಿಸದಿದ್ದರೆ ಆಮೇಲೆ ಆಗುವುದಿಲ್ಲ, ಮೂರು ತಿಂಗಳ ಪ್ಯಾಕೇಜ್, ದುಡ್ಡು ಪೂರ್ತಿ ಮೊದಲೇ ಕಟ್ಟಿ ಅಂದರು. ಮೆಣಸು ಮಾರಿ ಕಟ್ಟೋಣ ಅಂತಾರೆ ಯಜಮಾನರು. ನನಗೆ ಆ ರಾತ್ರಿಯಿಂದ ನಿದ್ದೆ ಇಲ್ಲ. ತಡ ಮಾಡಿದೆನಾ? ಸೆನ್ಸರಿ ಥೆರಪಿ ಅಂತ ಮೈ ಅಲುಗಿಸಿ, ಮುಟ್ಟಿಸಿ ಮಾಡುವ ಈ ಚಿಕಿತ್ಸೆ ನಿಜಕ್ಕೂ ಕೆಲಸ ಮಾಡುತ್ತದಾ?

ವಿರಾಜಪೇಟೆಯಿಂದ, ಒಂಬತ್ತು ವರ್ಷದ ಮಗಳ ತಾಯಿ

ಅಕ್ಕ, ಮೊದಲು ಆ ದುಡ್ಡು ಕಟ್ಟಬೇಡಿ. ಒಂದು ವಾರ ತಡೆಯಿರಿ, ಏನೂ ಆಗಲ್ಲ.

ನನ್ನ ಮಗಳೂ ಇದೇ ತರ ಇದ್ದಳು, ಅವಳಿಗೆ ಕೆಸರಲ್ಲ, ಸ್ವೆಟರ್. ಜುಲೈ ಚಳಿಯಲ್ಲೂ ಉಣ್ಣೆ ಮೈಗೆ ತಾಗಬಾರದು. ನಾವು ಮೊದಲು ಹೋದ ಜಾಗದಲ್ಲಿ ಅವಳನ್ನು ಬಲೆಯ ಉಯ್ಯಾಲೆಯಲ್ಲಿ ಕೂರಿಸಿ, ಕೈಗೆ ಫೋನ್ ಕೊಟ್ಟು, ನಮ್ಮನ್ನು ಹೊರಗೆ ಕೂರಿಸುತ್ತಿದ್ದರು. ಎರಡು ತಿಂಗಳು ಹಾಗೇ ಹೋಯಿತು. ಯಾಕೆ ಏನು ಅಂತ ಕೇಳಿದರೆ ಉತ್ತರವೇ ಇಲ್ಲ.

ಆಮೇಲೆ ಮೈಸೂರಿಗೆ ಹೋದೆವು. ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ಜನ ಸ್ಪೀಚ್ ಅಂಡ್ ಹಿಯರಿಂಗ್ ಅಂತಾರೆ, 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಅಲ್ಲಿ ಮೊದಲು ಮಾಡಿದ್ದೇ ಕಿವಿ ಪರೀಕ್ಷೆ. ಸದ್ದಿಗೆ ಕಿವಿ ಮುಚ್ಚುತ್ತಾಳೆ ಅಂದ ಮೇಲೆ ಕೇಳುತ್ತದೆ ಅಲ್ವಾ, ಮತ್ತೇಕೆ ಪರೀಕ್ಷೆ ಅಂದುಕೊಂಡಿದ್ದೆ. ಅದು ತಪ್ಪು. ಮಾತು ತಡವಾದ ಮಗುವಿಗೆ ಕಿವಿ ನೋಡಿಸಲೇಬೇಕಂತೆ, ಕೆಲವು ಸದ್ದು ಜಾಸ್ತಿ ಕೇಳಿ ಕೆಲವು ಕೇಳದೇ ಇರಬಹುದು, ಕಿವಿಯ ಒಳಗೆ ನೀರು ತುಂಬಿದ್ದರೂ ಹಾಗಾಗುತ್ತದೆ. ಆಮೇಲೆ ಮಾತಿನ ಪರೀಕ್ಷೆ, ಸೈಕಾಲಜಿಸ್ಟ್, ಕೊನೆಗೆ ಆಕ್ಯುಪೇಷನಲ್ ಥೆರಪಿ, ಅಂದರೆ ಊಟ, ಬಟ್ಟೆ, ಆಟದಂಥ ದಿನದ ಕೆಲಸ ಮಗು ತಾನೇ ಮಾಡುವ ಹಾಗೆ ಕಲಿಸುವ ಚಿಕಿತ್ಸೆ. ಅದನ್ನೇ ಎಲ್ಲರೂ ಓಟಿ ಅನ್ನುವುದು.

ತಿಂಗಳಿಗೆ ಎರಡು ಸಲ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು, ಉಳಿದ ದಿನ ಅವರು ಹೇಳಿಕೊಟ್ಟದ್ದನ್ನು ಮನೆಯಲ್ಲಿ ಮಾಡುವುದು. ಮಗಳು ಈಗ ಸ್ವೆಟರ್ ಹಾಕುತ್ತಾಳೆ, ಒಳಗಡೆ ಹತ್ತಿ ಬನಿಯನ್ ಇದ್ದರೆ. ಸೈಕಲ್ ಕಲಿತಳು. ಓದುವುದು ಇವತ್ತಿಗೂ ಕಷ್ಟ, ಅದು ಓಟಿಯಿಂದ ಸರಿಯಾಗಲಿಲ್ಲ, ಅದಕ್ಕೆ ಬೇರೆ ಪಾಠ ಬೇಕಾಯಿತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಒಂದೇ ಥೆರಪಿಯಿಂದ ಎಲ್ಲಾ ಸರಿಯಾಗುತ್ತೆ ಅಂದವರನ್ನು ನಂಬಿ ನಾವು ತುಂಬ ದಿನ ಕಳೆದುಕೊಂಡೆವು.

ಓಟಿ, ಊರು ಸೋಮವಾರಪೇಟೆ, ಕೆಲಸ ಮೈಸೂರು

ನಾನು ಹದಿಮೂರು ವರ್ಷದಿಂದ ಮಕ್ಕಳ ಆಕ್ಯುಪೇಷನಲ್ ಥೆರಪಿಸ್ಟ್. ನೋಡದ ಮಗುವಿನ ಬಗ್ಗೆ ಇಂಥದ್ದೇ ಅಂತ ಹೇಳಲ್ಲ, ಆದರೆ ನೀವು ಬರೆದದ್ದು ಓದಿದರೆ ನಮ್ಮ ಕೋಣೆಗೆ ಬರುವ ಎಷ್ಟೋ ಮಕ್ಕಳು ನೆನಪಾಗುತ್ತಾರೆ.

ನಮಗೆ ಐದು ಇಂದ್ರಿಯ ಅಂತ ಶಾಲೆಯಲ್ಲಿ ಕಲಿಸಿದರು. ಇನ್ನೂ ಎರಡಿವೆ, ಈ ಕೆಲಸದಲ್ಲಿ ಅವೇ ಮುಖ್ಯ. ಒಂದು ಒಳಕಿವಿಯಲ್ಲಿದೆ. ಪ್ರತಿ ಕಿವಿಯಲ್ಲೂ ಮೂರು ಪುಟ್ಟ ಅರ್ಧವೃತ್ತದ ನಾಳಗಳು, ಒಳಗೆ ದ್ರವ. ತಲೆ ತಿರುಗಿಸಿದರೆ ಆ ದ್ರವ ಅಲುಗಿ, ನೀನು ಯಾವ ಕಡೆ ತಿರುಗುತ್ತಿದ್ದೀಯ ಅಂತ ಮೆದುಳಿಗೆ ಸುದ್ದಿ ಹೋಗುತ್ತದೆ. ಇನ್ನೊಂದು ಸ್ನಾಯು ಮತ್ತು ಕೀಲುಗಳಲ್ಲಿದೆ. ಕಣ್ಣು ಮುಚ್ಚಿದರೂ ನಿಮ್ಮ ಕೈ ಎಲ್ಲಿದೆ ಅಂತ ಗೊತ್ತಾಗುತ್ತದಲ್ಲ, ಅದು ಇದರಿಂದ. ತೋಟದಲ್ಲಿ ಏಣಿ ಹತ್ತಿ ಮೆಣಸು ಕೊಯ್ಯುವವರು ಕಾಲನ್ನು ನೋಡದೇ ಮುಂದಿನ ಮೆಟ್ಟಿಲಿಗೆ ಇಡುತ್ತಾರೆ, ಅಷ್ಟರ ಮಟ್ಟಿಗೆ ಇವೆರಡೂ ಸೇರಿ ಕೆಲಸ ಮಾಡುತ್ತವೆ.

ಕೆಲವು ಮಕ್ಕಳಿಗೆ ಈ ಸುದ್ದಿ ಕಡಿಮೆ ಮುಟ್ಟುತ್ತದೆ, ಅವರು ಹಾರಿ, ಗುದ್ದಿ, ತಿರುಗಿ ಇನ್ನಷ್ಟು ಹುಡುಕುತ್ತಾರೆ. ಅದೇ ಮಗುವಿಗೆ ಸದ್ದು ಅಥವಾ ಸ್ಪರ್ಶ ಜಾಸ್ತಿ ಮುಟ್ಟಬಹುದು. ಹಾಗಾಗಿ ನಿಮ್ಮ ಮಗ ಧೈರ್ಯವಂತನೂ ಹೌದು, ಕೆಸರಿಗೆ ಹೆದರುವವನೂ ಹೌದು. ಹಟ ಅಲ್ಲ ಅದು.

ಇದನ್ನು ಒಂದು ಸಿದ್ಧಾಂತವಾಗಿ ಕಟ್ಟಿದ್ದು ಅಮೆರಿಕದ ಜೀನ್ ಏರ್ಸ್ ಎಂಬ ಓಟಿ, ಅವರ ಮುಖ್ಯ ಪುಸ್ತಕ 1972ರಲ್ಲಿ ಬಂತು. ಸೆನ್ಸರಿ ಇಂಟಿಗ್ರೇಷನ್, ಅಂದರೆ ಇಂದ್ರಿಯಗಳ ಸುದ್ದಿಯನ್ನು ಮೆದುಳು ಒಟ್ಟುಗೂಡಿಸುವುದು, ಅನ್ನುವ ಹೆಸರು ಅವರಿಂದ ಬಂತು. ಕೆಲಸ ಮಾಡುತ್ತದಾ ಅಂತ ಕೇಳಿದ್ದೀರಿ. ನಾನು ಇದರಲ್ಲೇ ಅನ್ನ ಉಣ್ಣುವವಳು, ಆದರೂ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ, ಇದನ್ನು ಒಟ್ಟು ಚಿಕಿತ್ಸೆಯ ಒಂದು ಭಾಗವಾಗಿ ಮಾಡಬಹುದು, ಆದರೆ ಪುರಾವೆ ಇನ್ನೂ ಕಡಿಮೆ ಅನ್ನುವುದನ್ನು ತಂದೆತಾಯಿಗೆ ತಿಳಿಸಿ ಅಂತ ಹೇಳಿತು. 2022ರಲ್ಲಿ ಬ್ರಿಟನ್ನಿನಿಂದ ಒಂದು ದೊಡ್ಡ ಅಧ್ಯಯನ ಬಂತು, 138 ಆಟಿಸಂ ಇರುವ ಮಕ್ಕಳು. ಸಿಡುಕು, ಗಲಾಟೆಯ ವರ್ತನೆಯಲ್ಲಿ ಮಾಮೂಲಿ ಆರೈಕೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಆದರೆ ಮನೆಯವರು ತಾವೇ ಆರಿಸಿಕೊಂಡ ಗುರಿಗಳಲ್ಲಿ ಸುಧಾರಣೆ ಕಂಡಿತು.

ಇದರಿಂದ ನಾನು ಕಲಿತದ್ದು, ಗುರಿ ಸಣ್ಣದಿರಬೇಕು, ಮಗುವಿನ ದಿನಕ್ಕೆ ಸೇರಿದ್ದಿರಬೇಕು. "ಮೆದುಳು ಬೆಳೆಸುತ್ತೇವೆ" ಅನ್ನುವುದು ಗುರಿಯೇ ಅಲ್ಲ. "ಮೂರು ತಿಂಗಳಲ್ಲಿ ತಾನೇ ಕೈಯಿಂದ ಅನ್ನ ಕಲಸಿ ನಾಲ್ಕು ತುತ್ತು ಉಣ್ಣಬೇಕು" ಅನ್ನುವುದು ಗುರಿ. ಅದು ಆಯಿತಾ ಇಲ್ಲವಾ ಅಂತ ನೀವೇ ನೋಡಬಹುದು. ಆಗದಿದ್ದರೆ ದಾರಿ ಬದಲಿಸಬೇಕು.

ಎಡ ಬಲ ಮೆದುಳು ಜೋಡಿಸುತ್ತೇವೆ ಅನ್ನುವವರ ಬಗ್ಗೆ: ಅವೆರಡೂ ಹುಟ್ಟುವಾಗಲೇ ದಪ್ಪ ನರಗಳ ಕಟ್ಟಿನಿಂದ ಜೋಡಿಯಾಗಿವೆ. ಮಕ್ಕಳನ್ನು ಮತ್ತೆ ಅಂಬೆಗಾಲು ಹಾಕಿಸಿ, ಕೈಕಾಲು ಗೊತ್ತಾದ ಕ್ರಮದಲ್ಲಿ ಆಡಿಸಿ ಮೆದುಳು ಸರಿ ಮಾಡುತ್ತೇವೆ ಅನ್ನುವ ಪ್ಯಾಟರ್ನಿಂಗ್ ಅಂತ ಒಂದು ಪದ್ಧತಿ ಹಳೆಯ ಕಾಲದಿಂದ ಇದೆ, ಅದರ ವಿರುದ್ಧ ಇದೇ ಅಕಾಡೆಮಿ 1999ರಲ್ಲೂ ಎಚ್ಚರಿಸಿತ್ತು. ನಮ್ಮ ಕಡೆ ಮಿಡ್‌ಬ್ರೈನ್ ಆಕ್ಟಿವೇಷನ್ ಅಂತ ಕಣ್ಣು ಕಟ್ಟಿ ಓದಿಸುತ್ತಿದ್ದರಲ್ಲ, ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಮಕ್ಕಳು ಪಟ್ಟಿಯ ಸಂದಿಯಿಂದ ನೋಡುತ್ತಾರೆ ಅಂತ ತೋರಿಸಿಕೊಟ್ಟರು. ಇಂಥದಕ್ಕೆಲ್ಲ ಮೆಣಸಿನ ದುಡ್ಡು ಹಾಕಬೇಡಿ.

ಆರು ವರ್ಷಕ್ಕೆ ಬಾಗಿಲು ಮುಚ್ಚುತ್ತದೆ ಅನ್ನುವುದೂ ಸುಳ್ಳು. ಮೊದಲ ವರ್ಷಗಳಲ್ಲಿ ಮೆದುಳು ವೇಗವಾಗಿ ಬೆಳೆಯುತ್ತದೆ, ಬೇಗ ಶುರು ಮಾಡಿದರೆ ಒಳ್ಳೆಯದು, ಅದು ಸರಿ. ಆದರೆ ಆಮೇಲೂ ಮಕ್ಕಳು ಕಲಿಯುತ್ತಾರೆ. ನೀವು ತಡ ಮಾಡಿಲ್ಲ.

ಒಂದು ವಿಷಯ ಮಾತ್ರ ಬೇಗ ಮಾಡಿ. ಮೂರು ವರ್ಷ ದಾಟಿಯೂ ತುದಿಗಾಲಲ್ಲಿ ನಡೆಯುತ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಲೇಬೇಕು. ಬರೀ ಅಭ್ಯಾಸ ಇರಬಹುದು, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಬಿಗಿಯಾಗಿರಬಹುದು, ಸ್ನಾಯುವಿನ ಅಥವಾ ಮೆದುಳಿನ ತೊಂದರೆಯೂ ಇರಬಹುದು. ಉಯ್ಯಾಲೆ ಹಾಕಿ ತೀರ್ಮಾನಿಸುವ ವಿಷಯ ಅಲ್ಲ ಇದು.

ಕುಶಾಲನಗರ, ಅಂಗನವಾಡಿ ಟೀಚರ್

ಅಮ್ಮಾ, ಖರ್ಚಿನ ವಿಷಯ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಿಂದ ಇದೆ, ಹುಟ್ಟಿನಿಂದ 18 ವರ್ಷದ ತನಕ. ಅಂಗನವಾಡಿಗೂ ಸರ್ಕಾರಿ ಶಾಲೆಗೂ ತಂಡ ಬಂದು ಮಕ್ಕಳನ್ನು ನೋಡುತ್ತದೆ, ಬೆಳವಣಿಗೆ ನಿಧಾನ ಇರುವುದನ್ನೂ ನೋಡುತ್ತಾರೆ. ನಿಮ್ಮ ಆಶಾ ಕಾರ್ಯಕರ್ತೆಗೆ ಹೇಳಿ, ಇಲ್ಲ ನೇರ ಮಡಿಕೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ, ಮಕ್ಕಳ ವಿಭಾಗದಲ್ಲಿ ಕೇಳಿ. ಈ ಯೋಜನೆಯಲ್ಲಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಪತ್ತೆ ಕೇಂದ್ರ ಅಂತ ಇರುತ್ತದೆ, ಅಲ್ಲಿ ಚಿಕಿತ್ಸೆಗೆ ದುಡ್ಡಿಲ್ಲ. ಮುಂದೆ ಆಟಿಸಂ ಅಂತ ಏನಾದರೂ ಗೊತ್ತಾದರೆ ನಿರಾಮಯ ಅಂತ ಆರೋಗ್ಯ ವಿಮೆ ಇದೆ, ವರ್ಷಕ್ಕೆ 1 ಲಕ್ಷ ರೂಪಾಯಿ ತನಕ, ಥೆರಪಿಗೂ ಸಿಗುತ್ತದೆ.

ಶಾಲೆಯ ಮಿಸ್‌ಗೆ ಒಂದು ಮಾತು ಹೇಳಿ. ಸಾಲಿನ ಕೊನೆಯಲ್ಲಿ ನಿಲ್ಲಿಸಲಿ, ಆಗ ಹಿಂದಿನಿಂದ ಯಾರೂ ತಳ್ಳುವುದಿಲ್ಲ. ನೀರಿನ ಬಾಟಲಿಗಳ ಬುಟ್ಟಿ ಎತ್ತಿಕೊಂಡು ಬರುವ ಕೆಲಸ ಅವನಿಗೇ ಕೊಡಲಿ. ನಮ್ಮಲ್ಲಿ ಒಬ್ಬ ಹುಡುಗ ಇದ್ದ, ಆ ಬುಟ್ಟಿ ಹೊತ್ತು ಬಂದ ಮೇಲೆ ಇಪ್ಪತ್ತು ನಿಮಿಷ ಕೂತು ಕಥೆ ಕೇಳುತ್ತಿದ್ದ. ಪೆನ್ಸಿಲ್‌ಗೆ ಇಷ್ಟು ಬೇಗ ಒತ್ತಾಯ ಬೇಡ. ಚನ್ನೆಮಣೆ ಆಡಿಸಿ, ಕಾಳು ಎತ್ತಿ ಎತ್ತಿ ಬೆರಳು ಗಟ್ಟಿಯಾಗುತ್ತದೆ.

ನಾಪೋಕ್ಲು ಕಡೆಯ ಅಮ್ಮ

ಎಲ್ಲರದ್ದೂ ಓದಿ ಅತ್ತುಬಿಟ್ಟೆ, ಸಮಾಧಾನದಿಂದ. ಹಟ ಅಲ್ಲ ಅಂತ ಯಾರಾದರೂ ಹೇಳಿದ್ದು ಇದೇ ಮೊದಲು. ಓಟಿ ಮೇಡಂ, ಮೈಸೂರಿಗೆ ಹೋಗುವ ತನಕ ಮನೆಯಲ್ಲಿ ಏನಾದರೂ ಮಾಡಬಹುದಾ? ಈ ಮಳೆಯಲ್ಲಿ ಹೊರಗೆ ಬಿಡುವ ಹಾಗಿಲ್ಲ, ಅಂಗಳದಲ್ಲೂ ಜಿಗಣೆ. ಉಯ್ಯಾಲೆ ಕಟ್ಟಲಾ?

ಓಟಿ, ಊರು ಸೋಮವಾರಪೇಟೆ, ಕೆಲಸ ಮೈಸೂರು

ಉಯ್ಯಾಲೆ ಕಟ್ಟಿ, ಹಿಂದೆ ಮುಂದೆ ತೂಗಿದರೆ ಸಾಕು, ನೀವಾಗಿ ಗಿರಗಿರ ತಿರುಗಿಸಬೇಡಿ. ಮುಖ ಬಿಳಿಚಿದರೆ, ಬೆವರಿದರೆ ತಕ್ಷಣ ನಿಲ್ಲಿಸಿ. ಎಂದಾದರೂ ಫಿಟ್ಸ್ ಬಂದಿದ್ದರೆ ಡಾಕ್ಟರನ್ನು ಕೇಳದೇ ಬೇಡ.

ಅದಕ್ಕಿಂತ ಒಳ್ಳೆಯದು ಭಾರದ ಕೆಲಸ. ಗೋಣಿಚೀಲದಲ್ಲಿ ಅವನು ಎಳೆಯುವಷ್ಟು ಕಾಫಿ ತುಂಬಿ ಜಗಲಿಯ ಈ ತುದಿಯಿಂದ ಆ ತುದಿಗೆ ಎಳೆಯಲಿ. ಸ್ನಾನಕ್ಕೆ ಒಲೆ ಹಾಕುವಾಗ ಸಣ್ಣ ಸೌದೆ ತಂದುಕೊಡಲಿ. ಚಪಾತಿ ಹಿಟ್ಟು ಗುದ್ದಲಿ. ಕಂಬಳಿಯಲ್ಲಿ ಸುತ್ತಿ ಗಟ್ಟಿಯಾಗಿ ತಬ್ಬಿ, ಮುಖ ಮುಚ್ಚಬಾರದು, ಬಿಡು ಅಂದರೆ ಬಿಡಬೇಕು.

ಸ್ಪರ್ಶಕ್ಕೆ ಒಣಗಿದ್ದರಿಂದ ಶುರು ಮಾಡಿ. ಸಿಪ್ಪೆ ಸಮೇತ ಒಣಗಿದ ಚೆರ್ರಿ ಕಾಫಿಯ ರಾಶಿಯಲ್ಲಿ ಚಿಕ್ಕ ಆಟಿಕೆ ಬಚ್ಚಿಟ್ಟು ಹುಡುಕಲು ಹೇಳಿ, ಮೊದಲು ಚಮಚದಿಂದ, ಆಮೇಲೆ ಕೈಯಿಂದ. ನೀವು ಪಕ್ಕದಲ್ಲೇ ಇರಿ, ಬಾಯಿಗೆ ಹಾಕಬಾರದು. ಆಮೇಲೆ ಒಣ ಹಿಟ್ಟು, ಒದ್ದೆ ಹಿಟ್ಟು, ಕೆಸರು ಕೊನೆಗೆ. ಕೈ ಹಿಡಿದು ಒತ್ತಾಯವಾಗಿ ಮುಳುಗಿಸಿದರೆ ಹೆದರಿಕೆ ಎರಡರಷ್ಟಾಗುತ್ತದೆ. ಪಲ್ಪರ್ ಹಾಕುವ ಮುಂಚೆ ಅವನಿಗೆ ಹೇಳಿ, ಸ್ವಿಚ್ ಅವನೇ ಹಾಕಲಿ ಅಂತ ಅಪ್ಪ ಎತ್ತಿಕೊಂಡು ಹೋಗಲಿ. ಯಾವಾಗ ಬರುತ್ತದೆ ಅಂತ ಗೊತ್ತಿರುವ ಸದ್ದಿಗೆ ಮಕ್ಕಳು ಕಡಿಮೆ ಹೆದರುತ್ತಾರೆ.

ಮತ್ತೆ, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಲೆಕ್ಕ ಮನಸ್ಸಿನಲ್ಲಿರಲಿ. ಮೂರು ನಾಲ್ಕು ವರ್ಷದ ಮಕ್ಕಳು ದಿನಕ್ಕೆ 180 ನಿಮಿಷ ಮೈ ಅಲುಗಿಸಬೇಕು, ಅದರಲ್ಲಿ 60 ನಿಮಿಷ ಜೋರಾಗಿ. ಸ್ಕ್ರೀನ್ ಒಂದು ಗಂಟೆಗಿಂತ ಜಾಸ್ತಿ ಬೇಡ, ನಿದ್ದೆ 10ರಿಂದ 13 ಗಂಟೆ. ಮಳೆಗಾಲದಲ್ಲಿ ಕೊಡಗಿನ ಮಕ್ಕಳಿಗೆ ಇದು ಕಷ್ಟ, ನನಗೆ ಗೊತ್ತು. ನಿಮ್ಮ ಕುಟುಂಬದ ಹಳೆಯ ಮೂಲ ಮನೆ, ಐನ್‌ಮನೆ, ಹತ್ತಿರ ಇದ್ದರೆ ಅದರ ಉದ್ದ ಜಗಲಿಯಲ್ಲಿ ಓಡಲು ಬಿಡಿ.

ವಿರಾಜಪೇಟೆಯಿಂದ, ಒಂಬತ್ತು ವರ್ಷದ ಮಗಳ ತಾಯಿ

ಹೋಗುವಾಗ ಅವನು ತಿರುಗುವುದು, ಕಿವಿ ಮುಚ್ಚುವುದು ಎಲ್ಲ ವಿಡಿಯೊ ಮಾಡಿಕೊಂಡು ಹೋಗಿ ಅಕ್ಕ. ಅಲ್ಲಿ ಹೋದ ಮೇಲೆ ಮಕ್ಕಳು ಬೆಕ್ಕಿನ ಮರಿ ಹಾಗೆ ಮಡಿಲಲ್ಲಿ ಕೂತುಬಿಡುತ್ತಾರೆ, ಡಾಕ್ಟರಿಗೆ ಏನೂ ಕಾಣಲ್ಲ. ಊಟ ಕಟ್ಟಿಕೊಳ್ಳಿ, ಇಡೀ ದಿನ ಆಗುತ್ತದೆ.

ನಾಪೋಕ್ಲು ಕಡೆಯ ಅಮ್ಮ

ಸೋಮವಾರ ಮಡಿಕೇರಿಗೆ ಕಾಲು ತೋರಿಸಲು ಹೋಗುತ್ತೇವೆ, ಆಮೇಲೆ ಮೈಸೂರು. ಸೆಂಟರಿಗೆ ಬೇಡ ಅಂತ ಫೋನ್ ಮಾಡಿ ಹೇಳಿದೆ. ಇವತ್ತು ಸಂಜೆ ಗೋಣಿಚೀಲ ಕೊಟ್ಟೆವು. ಒಂದು ಸಲ ನಾನು ಹೇಳಿದ್ದಕ್ಕೆ ಎಳೆದ, ಆಮೇಲೆ ಆರು ಸಲ ತಾನೇ. ಬೆವರಿಕೊಂಡು ಬಂದು ಅಜ್ಜಿ ಪಕ್ಕ ಕೂತ. ಅತ್ತೆ ಈಗ ನಾಳೆಗೆ ಅಂತ ಇನ್ನೊಂದು ಚಿಕ್ಕ ಚೀಲ ಹೊಲಿಯುತ್ತಿದ್ದಾರೆ.