ಪದಚರ್ಚೆ: ‘ಹಾರ್ಟ್ ಫೇಲ್ಯೂರ್’ಗೆ ಮನೆಯವರಿಗೆ ತಿಳಿಯುವ ಮಾತು ಯಾವುದು?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಡಿಸ್ಚಾರ್ಜ್ ಆಗಿ ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆ ಮನೆಗೆ ಹೋಗುವ ಹಾರ್ಟ್ ಫೇಲ್ಯೂರ್ ರೋಗಿಗಳ ಕೈಗೆ ಕೊಡಲು ಒಂದು ಪುಟದ ಕನ್ನಡ ಹಾಳೆ ತಯಾರಾಗುತ್ತಿದೆ. ಕರಡಿನಲ್ಲಿ ‘ಹೃದಯ ವೈಫಲ್ಯ’, ‘ಶುಷ್ಕ ತೂಕ’, ‘ಮೂತ್ರವರ್ಧಕ’, ‘ದ್ರವ ನಿರ್ಬಂಧ’ ಎಂದಿದೆ. ‘ವೈಫಲ್ಯ’ ಓದಿದರೆ ಮನೆಯವರು ಗಾಬರಿಯಾಗುತ್ತಾರೆ. ‘ಹೃದಯ ದೌರ್ಬಲ್ಯ’ ಎನ್ನಬಹುದೇ? ಉಳಿದವಕ್ಕೆ ನಮ್ಮ ಕಡೆಯ ಮಾತು ಯಾವುದು?

ಉತ್ತರ: ಮೇಡಂ, ‘ವೈಫಲ್ಯ’ ಬೇಡ ಎಂಬುದು ಸರಿ. ನಮ್ಮಲ್ಲಿ ‘ಹಾರ್ಟ್ ಫೇಲ್ ಆತು’ ಅಂದರೆ ಮನುಷ್ಯ ತೀರಿಕೊಂಡ ಅಂತಲೇ ಲೆಕ್ಕ. ಆದರೆ ‘ದೌರ್ಬಲ್ಯ’ ಇನ್ನೂ ಅಪಾಯದ್ದು. ‘ಹಾರ್ಟ್ ವೀಕ್ ಆಗೇತಿ’ ಅಂದ ಕೂಡಲೇ ಮುಂದಿನ ಮಾತು ‘ಒಂದ್ ಬಾಟಲಿ ಸಲಾಯಿನ್ ಹಚ್ಚಿಸ್ರಿ’. ಮೈಯಲ್ಲಿ ಮೊದಲೇ ನೀರು ನಿಂತವರಿಗೆ ಅರ್ಧ ಲೀಟರ್ ಸಲಾಯಿನ್ ಏರಿಸಿದರೆ ಅದು ಪುಪ್ಪುಸಕ್ಕೆ ಇಳಿದು ರಾತ್ರಿಯೇ ಉಸಿರು ಕಟ್ಟಬಹುದು. ‘ಪಂಪಿಂಗ್ ಕಮ್ಮಿ’ ಎಂಬುದೂ ಎಲ್ಲರಿಗೂ ಹೊಂದುವುದಿಲ್ಲ. ಎಕೋದಲ್ಲಿ (ಹೃದಯದ ಸ್ಕ್ಯಾನಿಂಗ್) ಪಂಪಿಂಗ್ ಶೇಕಡಾ 55 ಇದ್ದೂ ಹೃದಯದ ಗೋಡೆ ಬಿಗಿಯಾಗಿ ಇದೇ ತೊಂದರೆ ಬರುವವರು ಬಹಳ. ಇನ್ನು 35 ಎಂದು ಬಂದವರು ‘ಹೃದಯ 35 ಪೈಸೆ ಉಳಿದೈತಿ’ ಅಂತ ಕೈಚೆಲ್ಲುತ್ತಾರೆ. ಸರಿಯಿರುವ ಹೃದಯವೂ ಪ್ರತಿ ಬಡಿತಕ್ಕೆ ಹೊರದೂಡುವುದು ತನ್ನೊಳಗೆ ತುಂಬಿದ ರಕ್ತದ ಶೇಕಡಾ ಸುಮಾರು 55ರಿಂದ 70ರಷ್ಟನ್ನೇ.

ಆದ್ದರಿಂದ ಡಿಸ್ಚಾರ್ಜ್ ಕಾರ್ಡಿನಲ್ಲಿರುವ ‘ಹಾರ್ಟ್ ಫೇಲ್ಯೂರ್’ ಹೆಸರನ್ನೇ ಕನ್ನಡ ಲಿಪಿಯಲ್ಲಿಟ್ಟು, ಕೆಳಗೆ ಒಂದು ವಾಕ್ಯ ಬರೆಯಿರಿ: ‘ಹೃದಯ ನಿಂತಿಲ್ಲ, ರಕ್ತವನ್ನು ಬೇಕಾದಷ್ಟು ಸಾಗಿಸಲಾಗದೆ ಕಾಲು, ಹೊಟ್ಟೆ, ಪುಪ್ಪುಸದಲ್ಲಿ ನೀರು ತುಂಬುತ್ತಿದೆ. ವೈದ್ಯರನ್ನು ಕೇಳದೆ ಸಲಾಯಿನ್ ಹಚ್ಚಿಸಬೇಡಿ.’

‘ಶುಷ್ಕ ತೂಕ’ ಯಾರಿಗೂ ತಿಳಿಯದು. ‘ಬಾವು ಇಳಿದಾಗಿನ ತೂಕ’ ಎನ್ನಿ, ಡಿಸ್ಚಾರ್ಜ್ ದಿನದ ಅಂಕಿಯನ್ನು ಹಾಳೆಯ ಮೇಲೆಯೇ ದಪ್ಪಗೆ ಬರೆದುಕೊಡಿ. ‘ಊತ’ ಅಂತ ಬರೆದರೆ ಇಲ್ಲಿ ನಿಂತು ಯೋಚಿಸುತ್ತಾರೆ, ‘ಬಾವು’ ಸಾಕು. ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಬಿಟ್ಟಾಗ ತಗ್ಗು ಹಾಗೇ ಉಳಿದರೆ ಅದು ಬಾವು. ಆದರೆ ಕಾಲಿಗೆ ಬಾವು ಕಾಣುವ ಹೊತ್ತಿಗೆ ಮೈಯಲ್ಲಿ ಲೀಟರುಗಟ್ಟಲೆ ನೀರು ಸೇರಿರುತ್ತದೆ, ತೂಕದ ಕಾಟಾ ಅದಕ್ಕೂ ಮೊದಲು ಹೇಳುತ್ತದೆ. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿಬಂದು, ಚಹಾಕ್ಕೂ ಮುಂಚೆ, ಅದೇ ಕಾಟಾ, ಅಷ್ಟೇ ಬಟ್ಟೆ. ಕಾಟಾ ಗಟ್ಟಿ ಫರಸಿಯ ಮೇಲಿರಲಿ, ಚಾಪೆಯ ಮೇಲಿಟ್ಟರೆ ಅಂಕಿ ತಪ್ಪುತ್ತದೆ. 3 ದಿನದಲ್ಲಿ 2 ಕಿಲೋ ಏರಿದರೆ ಅವತ್ತೇ ಫೋನು. ತಪಾಸಣೆಯ ತಾರೀಖಿಗೆ ಕಾಯಬಾರದು.

‘ಮೂತ್ರವರ್ಧಕ’ಕ್ಕೆ ಜನ ಹೇಳುವುದು ‘ನೀರಿನ ಗುಳಿಗಿ’. ಮಾತು ಚೆಂದ, ಆದರೆ ನೀರು ಹೆಚ್ಚು ಕುಡಿಯಬೇಕೇನೋ ಎಂದುಕೊಳ್ಳುವವರಿದ್ದಾರೆ. ‘ನೀರು ಇಳಿಸುವ ಗುಳಿಗೆ’ ಮೇಲು. ಬೆಳಿಗ್ಗೆಯೇ ನುಂಗಬೇಕು, ಎರಡನೆಯದಿದ್ದರೆ ಸಂಜೆ 4ರೊಳಗೆ, ಇಲ್ಲವೇ ರಾತ್ರಿಯಿಡೀ ಏಳಬೇಕಾಗುತ್ತದೆ. ಬಸ್ಸಿನಲ್ಲಿ ಹೋಗುವ ದಿನ ಬಿಟ್ಟುಬಿಡುತ್ತಾರೆ. ಬಿಡುವ ಬದಲು ಊರು ಮುಟ್ಟಿದ ಮೇಲೆ ತೆಗೆದುಕೊಳ್ಳಬಹುದೇ ಎಂದು ಡಿಸ್ಚಾರ್ಜ್ ಹೊತ್ತಿಗೇ ಕೇಳಿಟ್ಟುಕೊಳ್ಳಲಿ.

‘ಸಕ್ಕರಿ ಗುಳಿಗಿ’ ಎಂಬ ಮಾತಿಗೂ ಒಂದು ಸಾಲು ಬೇಕೇ ಬೇಕು. ಡಾಪಾಗ್ಲಿಫ್ಲೋಜಿನ್ ಸಕ್ಕರೆ ಕಾಯಿಲೆ ಇಲ್ಲದವರಿಗೂ ಹೃದಯಕ್ಕೆಂದೇ ಕೊಡುವುದುಂಟು. ಔಷಧದಂಗಡಿಯಲ್ಲಿ ‘ಇದು ಶುಗರಿಂದು’ ಅಂದರೆ ಮುಗಿಯಿತು, ಅವತ್ತೇ ಗುಳಿಗೆ ಬಂದ್!

‘ಪಥ್ಯ’ ಬಳಸಬೇಡಿ. ಪಥ್ಯ ಅಂದರೆ ಬದನೆಕಾಯಿ ಬಿಡುತ್ತಾರೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಶೇಂಗಾ ಚಟ್ನಿ ತಾಟಿನಲ್ಲೇ ಇರುತ್ತವೆ. ‘ಉಪ್ಪು ಕಡಿಮೆ’ ಎಂದೇ ಬರೆಯಿರಿ: ಇಡೀ ದಿನಕ್ಕೆ 5 ಗ್ರಾಂ ಮೀರದಂತೆ, ಅಂದರೆ ಸಮತಟ್ಟಾದ ಚಹಾ ಚಮಚ ಒಂದಕ್ಕಿಂತ ತುಸು ಕಡಿಮೆ. ರೊಟ್ಟಿಗೆ ಹೇಗೂ ಉಪ್ಪಿಲ್ಲ, ಕಷ್ಟವಿರುವುದು ಪಲ್ಯದ್ದು. ಸೈಂಧವ ಉಪ್ಪೂ ಉಪ್ಪೇ. ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಸ್ಪೈರೊನೊಲ್ಯಾಕ್ಟೋನ್ (ಇದೂ ನೀರು ಇಳಿಸುವ ಗುಳಿಗೆಯೇ) ನುಂಗುವವರಲ್ಲಿ ಅದು ರಕ್ತದಲ್ಲಿ ಏರಿ ಬಡಿತವನ್ನೇ ಕೆಡಿಸೀತು.

‘ದ್ರವ ನಿರ್ಬಂಧ’ಕ್ಕೆ ‘ಕುಡಿಯುವುದೆಲ್ಲ ಸೇರಿ’ ಎನ್ನಿ. ವೈದ್ಯರು ಒಂದೂವರೆ ಲೀಟರ್ ಎಂದಿದ್ದರೆ ಚಹಾ, ಮಜ್ಜಿಗೆ, ಅಂಬಲಿ, ಸಾರು ಎಲ್ಲ ಅದರೊಳಗೇ ಬಂತು. ಎಲ್ಲರಿಗೂ ಈ ಮಿತಿ ಇರುವುದಿಲ್ಲ, ಅಂಕಿಗೆ ಖಾಲಿ ಜಾಗ ಬಿಡಿ.

ಮೊಣಕಾಲು ನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ನೀರು ಹಿಡಿದಿಡುತ್ತವೆ. ಇದಕ್ಕೆ ಪದದ ತಕರಾರಿಲ್ಲ, ಹೆಸರು ಹಾಕಿದರಾಯಿತು. ಮೊದಲ ತಪಾಸಣೆ 7ರಿಂದ 14 ದಿನದೊಳಗೆ. ‘ಎರಡು ವಾರ ಬಿಟ್ಟು’ ಎಂದು ಬರೆದರೆ ತಿಂಗಳಾಗುತ್ತದೆ, ತಾರೀಖು ಮತ್ತು ವಾರ ಎರಡನ್ನೂ ಹಾಕಿ.

ಉಳಿದದ್ದು ‘ದಮ್ಮು’. ಇಲ್ಲಿ ದಮ್ಮು ಅಂದರೆ ಅಸ್ತಮಾ ಎಂದೇ ಹಿಡಿದು ಬಾಯಿಗೆ ಹೊಡೆದುಕೊಳ್ಳುವ ಪಂಪು (ಇನ್‌ಹೇಲರ್) ಕೊಡಿಸುತ್ತಾರೆ. ಅಡ್ಡಾದ ಕೂಡಲೇ ಉಸಿರು ಹತ್ತಿ, ಎದ್ದು ಕುಂತರೆ ಹಗುರಾಗುವುದು, ಎರಡು ದಿಂಬಿದ್ದವರಿಗೆ ಮೂರು ಬೇಕಾಗುವುದು: ಇದನ್ನು ಬೇರೆ ಮಾಡಿ ತೋರಿಸುವ ಒಂದೇ ಮಾತು ನನಗೆ ಸಿಕ್ಕಿಲ್ಲ. ಹಾವೇರಿ, ರಾಣೆಬೆನ್ನೂರು ಕಡೆಯವರು ಏನಂತೀರಿ?