ದಾಲ್ ಮಿಲ್ ಮುಚ್ಚುವಾಗ ಕೊಟ್ಟ ಕಾಗದಕ್ಕೆ ಸಹಿ ಹಾಕಬೇಕಾ? (ಪ್ರಶ್ನೋತ್ತರ)

ಪ್ರಶ್ನೆ (ಕಲಬುರಗಿಯ ಒಬ್ಬ ಸದಸ್ಯೆ):
ವಕೀಲ ಸಾಹೇಬ್ರೇ, ನಮಸ್ಕಾರ. ನಮ್ಮ ಮನೆಯವರು ಕಪನೂರ ಇಂಡಸ್ಟ್ರಿಯಲ್ ಏರಿಯಾದ ಒಂದು ದಾಲ್ ಮಿಲ್‌ನಲ್ಲಿ ಮಷೀನ್ ನೋಡಿಕೊಳ್ಳುತ್ತಾರೆ. ಹನ್ನೊಂದು ವರ್ಷ ತುಂಬಿದೆ. ಪಗಾರ 15,600 ರೂಪಾಯಿ. ಒಟ್ಟು 34 ಜನ ಇದ್ದಾರೆ. ಆಫ್ರಿಕಾ, ಬರ್ಮಾ ತೊಗರಿ ಅಗ್ಗಕ್ಕೆ ಬರುತ್ತಿದೆ, ಇಲ್ಲಿ ಬೇಳೆ ಮಾಡಿದರೆ ಗಿಟ್ಟುವುದಿಲ್ಲ ಅಂತ ಸಾಹುಕಾರರು ಈ ತಿಂಗಳ ಕೊನೆಗೆ ಮಿಲ್ ಮುಚ್ಚುತ್ತಿದ್ದಾರೆ. ನಿನ್ನೆ ಮುನೀಮರು ಎಲ್ಲರ ಕೈಗೂ ಒಂದೊಂದು ಹಾಳೆ ಕೊಟ್ಟರು. "ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ, ನನಗೆ ಬರಬೇಕಾದ ಬಾಕಿ ಏನೂ ಇಲ್ಲ" ಅಂತ ಟೈಪ್ ಮಾಡಿದೆ. ತಾರೀಖಿನ ಜಾಗ ಖಾಲಿ. ಸಹಿ ಹಾಕಿದರೆ ಮೂರು ತಿಂಗಳ ಪಗಾರ ಕೊಡುತ್ತಾರಂತೆ. ಹೊರದೇಶದ ಮಾಲಿನಿಂದ ಕೆಲಸ ಹೋದವರಿಗೆ ಸರಕಾರ ದುಡ್ಡು ಕೊಡುತ್ತದೆ ಅಂತ ಮಗ ಮೊಬೈಲ್‌ನಲ್ಲಿ ಓದಿದ. ಖರೇನಾ?

ಉತ್ತರ (ವಕೀಲರು, ಕಾರ್ಮಿಕ ಕಾನೂನು):
ಅಕ್ಕಾರೇ, ಮೊದಲ ಮಾತು: ಆ ಹಾಳೆಗೆ ಸಹಿ ಬೇಡ. ಅದರ ಒಂದು ಫೋಟೋ ಮಾತ್ರ ತೆಗೆದಿಟ್ಟುಕೊಳ್ಳಿ.

ಮಗ ಓದಿದ್ದು ಅಮೆರಿಕದ ಯೋಜನೆ ಇರಬೇಕು. ಆಮದಿನಿಂದ ಕೆಲಸ ಕಳೆದುಕೊಂಡವರಿಗೆ ತರಬೇತಿ, ಭತ್ಯೆ ಕೊಡುವ ಕಾನೂನನ್ನು ಅವರು 1962ರಲ್ಲೇ ಮಾಡಿದ್ದರು. ಅಲ್ಲೂ 2022ರ ಜುಲೈ 1ರಿಂದ ಹೊಸ ಅರ್ಜಿಗಳನ್ನು ಪರಿಶೀಲಿಸುವುದು ನಿಂತಿದೆ. ನಮ್ಮಲ್ಲಿ ಆಮದಿನ ಹೆಸರಲ್ಲಿ ಅಂಥ ಯೋಜನೆ ಇಲ್ಲ. ಇರಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 2021ರ ಮೇನಲ್ಲಿ ತೊಗರಿ ಆಮದಿನ ಮೇಲಿದ್ದ ಮಿತಿಯನ್ನು ತೆಗೆದದ್ದು ದಿಲ್ಲಿ. ಅದರ ಪೆಟ್ಟು ಬೀಳುವುದು ನಮ್ಮ ರೈತರಿಗೆ, ನಿಮ್ಮಂಥ ಮನೆಗಳಿಗೆ. 2019ರಲ್ಲಿ ಕಲಬುರಗಿ ತೊಗರಿಗೆ ಜಿಐ ಮಾನ್ಯತೆ (ಈ ಭಾಗದ್ದೇ ವಿಶೇಷ ಬೆಳೆ ಅನ್ನುವ ಕಾನೂನಿನ ಗುರುತು) ಸಿಕ್ಕಾಗ ಎಲ್ಲರೂ ಖುಷಿಪಟ್ಟೆವು. ಆ ತೊಗರಿಯನ್ನು ಬೇಳೆ ಮಾಡುವ ಕೈಗಳ ಬಗ್ಗೆಯೂ ಯೋಚಿಸಬೇಕು, ಅಲ್ವಾ?

ಹಾಗಂತ ನಿಮಗೆ ಏನೂ ಸಿಗುವುದಿಲ್ಲ ಅಂತಲ್ಲ. ಪಗಾರದಲ್ಲಿ ಇಎಸ್‌ಐ (ಕಾರ್ಮಿಕರ ಸರಕಾರಿ ವಿಮೆ) ಕಡಿತ ಆಗುತ್ತಿದ್ದರೆ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ ಯೋಜನೆ ಇದೆ. 2005ರಿಂದ ನಡೆಯುತ್ತಿದೆ. ಕಾರ್ಖಾನೆ ಮುಚ್ಚಿ ಕೆಲಸ ಹೋದರೆ ಮೊದಲ ವರ್ಷ ಸರಾಸರಿ ಪಗಾರದ ಅರ್ಧ, ಎರಡನೇ ವರ್ಷ ಕಾಲು ಭಾಗ ಕೊಡುತ್ತಾರೆ. ನಿಮ್ಮ ಲೆಕ್ಕಕ್ಕೆ ತಿಂಗಳಿಗೆ ಹೆಚ್ಚುಕಡಿಮೆ 7,800, ಆಮೇಲೆ 3,900. ಅಷ್ಟು ದಿನ ಮನೆಮಂದಿಗೆಲ್ಲ ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆಯೂ ಮುಂದುವರಿಯುತ್ತದೆ. ಆದರೆ ಇದು ಮಿಲ್ ಮುಚ್ಚಿ ಕೆಲಸ ಹೋದವರಿಗೆ, ತಾವಾಗಿಯೇ ಬಿಟ್ಟವರಿಗಲ್ಲ. ಮುನೀಮರ ಹಾಳೆಯ "ಸ್ವಂತ ಇಚ್ಛೆಯಿಂದ" ಅನ್ನುವ ಎರಡೇ ಪದಕ್ಕೆ ಎರಡು ವರ್ಷದ ಭತ್ಯೆ ಹೋಗುತ್ತದೆ.

ಇಎಸ್‌ಐನದೇ ಇನ್ನೊಂದು ಯೋಜನೆ, ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯ ಬಗ್ಗೆಯೂ ಯಾರಾದರೂ ಹೇಳಬಹುದು. ಅದು 90 ದಿನದ್ದು ಮಾತ್ರ, ಎರಡೂ ಒಟ್ಟಿಗೆ ಸಿಗುವುದಿಲ್ಲ. ನಿಮಗೆ ಮೊದಲನೆಯದೇ ಒಳ್ಳೆಯದು.

ಪ್ರಶ್ನೆ (ಅದೇ ಸದಸ್ಯೆ):
ಸಾಹುಕಾರರು ಕೆಟ್ಟವರಲ್ಲ ಸಾಹೇಬ್ರೇ. ನಷ್ಟ ಆಗಿದ್ದೂ ಖರೆ. ಹೊರದೇಶದ ಮಾಲು ನನ್ನ ಕೈಯಲ್ಲಿಲ್ಲ, ಅದಕ್ಕೇ ಕಾನೂನಿನಂತೆ ಮೂರು ತಿಂಗಳದ್ದೇ ಪರಿಹಾರ ಅಂತಾರೆ.

ಉತ್ತರ:
ಅವರ ಕಷ್ಟ ನನಗೂ ಗೊತ್ತು. ಆದರೆ ಕಾನೂನು ಹಾಗೆ ಹೇಳುವುದಿಲ್ಲ. ಮಾಲೀಕರ ಕೈಮೀರಿದ ಕಾರಣಕ್ಕೆ ಮುಚ್ಚಿದರೆ ಪರಿಹಾರ ಮೂರು ತಿಂಗಳ ಪಗಾರ ದಾಟಬೇಕಾಗಿಲ್ಲ, ಅದು ನಿಜ. ಅದರ ಕೆಳಗೇ ಒಂದು ವಿವರಣೆ ಇದೆ: ಬರೀ ನಷ್ಟ, ಹಣದ ಮುಗ್ಗಟ್ಟು, ಮಾರಾಟವಾಗದೆ ಮಾಲು ಬಿದ್ದಿರುವುದು, ಇವು ಕೈಮೀರಿದ ಕಾರಣಗಳಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿದ್ದ ಈ ಮಾತು 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ಗೋದಾಮಿನಲ್ಲಿ ಬೇಳೆ ಚೀಲ ಹಾಗೇ ಬಿದ್ದಿವೆ ಅಂದರೆ ಸಾಲದು.

ಆದ್ದರಿಂದ ನಿಮಗೆ ಬರಬೇಕಾದ ಪರಿಹಾರ ತುಂಬಿದ ಪ್ರತಿ ವರ್ಷಕ್ಕೆ 15 ದಿನದ ಪಗಾರ. ಹನ್ನೊಂದು ವರ್ಷಕ್ಕೆ ಸುಮಾರು 85,800. ಅವರು ಹೇಳುತ್ತಿರುವುದು 46,800. ಗ್ರಾಚ್ಯುಟಿ, ಅಂದರೆ ಇಷ್ಟು ವರ್ಷ ದುಡಿದದ್ದಕ್ಕೆ ಕೆಲಸ ಬಿಡುವಾಗ ಕೊಡುವ ಮೊತ್ತ, ಬೇರೆ. ಪಗಾರವನ್ನು 26ರಿಂದ ಭಾಗಿಸಿ, 15ರಿಂದ, ಆಮೇಲೆ 11ರಿಂದ ಗುಣಿಸಿ. ಪೂರ್ತಿ ಪಗಾರ ಮೂಲವೇತನ ಮತ್ತು ತುಟ್ಟಿಭತ್ಯೆಯೇ ಆಗಿದ್ದರೆ 99,000 ಆಗುತ್ತದೆ. 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರುತ್ತದೆ.

ಪಿಎಫ್‌ನಲ್ಲಿ ಮುಕ್ಕಾಲು ಪಾಲು ತೆಗೆಯಬಹುದು. ಅವಸರ ಬೇಡ. ಹತ್ತು ವರ್ಷ ಪಿಎಫ್ ಕಟ್ಟಿದ್ದರೆ ಮುಂದೆ ಪಿಂಚಣಿ ಬರುತ್ತದೆ.

ಈಗ ಸಾಹುಕಾರರ ಹತ್ತಿರ ಜಗಳ ಬೇಡ. "ಮಿಲ್ ಮುಚ್ಚಿದ್ದರಿಂದ ಕೆಲಸ ನಿಂತಿದೆ" ಅಂತ ತಾರೀಖು ಹಾಕಿ ಒಂದು ಪತ್ರ ಕೇಳಿ. ಇಎಸ್‌ಐ ಭತ್ಯೆ ಬರುವುದು ಅವರ ಜೇಬಿನಿಂದಲ್ಲ, ಹಾಗಾಗಿ ಕೊಡಲು ಅವರಿಗೂ ಕಷ್ಟವಿಲ್ಲ. ಕೊಡದಿದ್ದರೆ 34 ಜನರೂ ಒಂದೇ ಅರ್ಜಿಯಲ್ಲಿ ಕಾರ್ಮಿಕ ಇಲಾಖೆಗೆ ಹೋಗಿ. ಇಲಾಖೆಯ ಸಹಾಯವಾಣಿ 155214.

ಪ್ರಶ್ನೆ (ಇನ್ನೊಬ್ಬ ಸದಸ್ಯ):
ಸರ್, ನಮ್ಮವ್ವ ಇಂಥದೇ ಒಂದು ಮಿಲ್‌ನಲ್ಲಿ ಆರು ವರ್ಷ ಬೇಳೆ ಆರಿಸಿದ್ದಾಳೆ. ಗುತ್ತಿಗೆದಾರನ ಕಡೆಯವಳು ಅಂತ ಇಎಸ್‌ಐ ಕಾರ್ಡೇ ಮಾಡಿಸಿಲ್ಲ. ಆ ಮಿಲ್ಲೂ ಮುಚ್ಚುತ್ತದಂತೆ. ಅವಳಿಗೆ ಏನೂ ಇಲ್ಲವಾ?

ಉತ್ತರ:
ತಮ್ಮಾ, ಗುತ್ತಿಗೆದಾರನ ಮೂಲಕ ಬಂದವರ ಇಎಸ್‌ಐ ವಂತಿಗೆ ಕಟ್ಟುವ ಹೊಣೆಯೂ ಮಿಲ್ ಮಾಲೀಕರದ್ದೇ. ಕೊನೆಗೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳುವುದು ಅವರ ಪಾಡು. ಅವ್ವ ಅಲ್ಲಿ ದುಡಿದಿದ್ದಾರೆ ಅಂತ ತೋರಿಸುವುದೇ ಈಗಿನ ಕೆಲಸ. ಪಗಾರ ಫೋನ್‌ಪೇಗೆ ಬಂದಿದ್ದರೆ ಅದರ ಹಿಸ್ಟರಿ ತೆಗೆಯಿರಿ. ಕೈಗೇ ಕೊಟ್ಟಿದ್ದರೆ ಹಾಜರಿ ಚೀಟಿ, ಗೇಟ್ ಪಾಸ್, ಮಿಲ್ ಒಳಗೆ ತೆಗೆದ ಫೋಟೋ, ಜೊತೆಯವರ ಹೇಳಿಕೆ ಕೂಡಿಸಿ. ಮಿಲ್ ಮುಚ್ಚುವ ಮೊದಲೇ ಇಎಸ್‌ಐ ಕಚೇರಿಗೆ ದೂರು ಕೊಡಿ, ಬೀಗ ಬಿದ್ದ ಮೇಲೆ ಹಾಜರಿ ಪುಸ್ತಕ ಸಿಗುವುದು ಕಷ್ಟ. ದೂರಿನ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದು ಮರೆಯಬೇಡಿ.

ಪ್ರಶ್ನೆ ಕೇಳಿದ ಸದಸ್ಯೆ:
ಸಾಹೇಬ್ರೇ, ಹಾಳೆ ವಾಪಸ್ ಕೊಟ್ಟು ಬಂದರು, ಸಹಿ ಹಾಕಿಲ್ಲ. ಇನ್ನೂ ಒಂಬತ್ತು ಜನ ಹಾಕಿಲ್ಲ. ಹಾಕಿದವರು ಏನು ಮಾಡಬೇಕು?

ಉತ್ತರ:
ಒತ್ತಾಯಕ್ಕೆ ಸಹಿ ಹಾಕಿದ್ದೇವೆ, ರಾಜೀನಾಮೆ ವಾಪಸ್ ಪಡೆಯುತ್ತಿದ್ದೇವೆ ಅಂತ ನಾಳೆಯೇ ಒಬ್ಬೊಬ್ಬರೂ ಬರೆದು ರಿಜಿಸ್ಟ್ರೇಷನ್ ಮಾಡಿಸಿದ ಸ್ಪೀಡ್ ಪೋಸ್ಟ್‌ನಲ್ಲಿ ಮಾಲೀಕರಿಗೆ ಕಳಿಸಲಿ, ಒಂದು ಪ್ರತಿ ಕಾರ್ಮಿಕ ಅಧಿಕಾರಿಗೆ. ಮಿಲ್ ಇನ್ನೂ ನಡೆಯುತ್ತಿದೆ, ಈಗ ಕಳಿಸಿದರೆ ಅದಕ್ಕೆ ಬೆಲೆ ಜಾಸ್ತಿ.