ಥ್ರಾಟಲ್ ಬಾಡಿ ಕ್ಲೀನಿಂಗ್ ಪ್ರತಿ ಸರ್ವಿಸ್‌ನಲ್ಲೂ ಬೇಕಾ? ನನ್ನ ಅನುಭವ

ಕಾರು ಚೆನ್ನಾಗಿಯೇ ಓಡುತ್ತಿದೆ, ವಾರ್ನಿಂಗ್ ಲೈಟ್ ಯಾವುದೂ ಇಲ್ಲ, ಆದರೂ ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿ ಅಂತಾರೆ, ಒಪ್ಪಿಕೊಳ್ಳಬೇಕಾ ಬೇಡವಾ ಅಂತ ಕೇಳಿದ್ದೀರಿ. ಥ್ರಾಟಲ್ ಬಾಡಿ ಅಂದರೆ ಎಂಜಿನ್‌ಗೆ ಹೋಗುವ ಗಾಳಿಯನ್ನು ಒಳಗಿನ ಒಂದು ತಟ್ಟೆಯಿಂದ ಹೆಚ್ಚುಕಡಿಮೆ ಮಾಡುವ ಭಾಗ. ನನ್ನ ಮಟ್ಟಿಗೆ ಉತ್ತರ ಇಷ್ಟು: ನೋಡುವುದನ್ನು ರೂಢಿ ಮಾಡಿಕೊಳ್ಳಿ, ತೊಳೆಯುವುದನ್ನಲ್ಲ. ಕೊಳೆ ಕಂಡರೆ ಅಥವಾ ಗಾಡಿ ತೊಂದರೆ ಕೊಟ್ಟರೆ ಮಾಡಿಸಿ. ಎರಡೂ ಇಲ್ಲದಿದ್ದರೆ ಬಿಟ್ಟುಬಿಡಿ.

ನಿಮ್ಮ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಸರ್ವಿಸ್ ಪಟ್ಟಿ ತೆಗೆದು ನೋಡಿ. ಎಂಜಿನ್ ಆಯಿಲ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಕೂಲಂಟ್ ಎಲ್ಲಕ್ಕೂ ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು ಅಂತ ಲೆಕ್ಕ ಇರುತ್ತದೆ. ಬಹುಪಾಲು ಕಾರುಗಳಲ್ಲಿ ಥ್ರಾಟಲ್ ಬಾಡಿ ಕ್ಲೀನಿಂಗ್ ಆ ಪಟ್ಟಿಯಲ್ಲೇ ಇರುವುದಿಲ್ಲ. ಹಾಗಂತ ಅದು ಎಂದೂ ಬೇಡದ ಕೆಲಸ ಅಂತಲೂ ಅಲ್ಲ.

ಏರ್ ಫಿಲ್ಟರ್ ದಾಟಿ ಬಂದ ಗಾಳಿಯಲ್ಲಿ ಹೆಚ್ಚು ಧೂಳು ಉಳಿದಿರುವುದಿಲ್ಲ. ಹಾಗಿದ್ದರೂ ಥ್ರಾಟಲ್ ಬಾಡಿಯಲ್ಲಿ ಕೊಳೆ ಕೂರುವುದು ಎಂಜಿನ್ ಒಳಗಿನಿಂದಲೇ. ಪಿಸ್ಟನ್ ರಿಂಗ್ ಸಂದಿಯಿಂದ ಕೆಳಗೆ ನುಸುಳಿದ ಹೊಗೆ ಮತ್ತು ಆಯಿಲ್ ಆವಿಯನ್ನು ಪಿಸಿವಿ ವಾಲ್ವ್ ಮತ್ತೆ ಇನ್‌ಟೇಕ್ ಕಡೆಗೆ, ಅಂದರೆ ಎಂಜಿನ್‌ಗೆ ಗಾಳಿ ಬರುವ ದಾರಿಗೆ, ಕಳಿಸುತ್ತದೆ. ಇಜಿಆರ್ (ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಅದರ ಜೊತೆ ಸೈಲೆನ್ಸರ್ ಕಡೆಯ ಮಸಿಯೂ ಸೇರುತ್ತದೆ. ಹೀಗೆ ಬಂದ ಜಿಡ್ಡು ಥ್ರಾಟಲ್ ಒಳಗಿನ ತಟ್ಟೆಯ ಅಂಚಿಗೆ, ಅದರಲ್ಲೂ ಎಂಜಿನ್ ಕಡೆಗಿರುವ ಮುಖಕ್ಕೆ ಅಂಟಿಕೊಳ್ಳುತ್ತದೆ. ಮುಂದಿನಿಂದ ನೋಡಿ ಪಳಪಳ ಅನ್ನುತ್ತಿದೆ ಅಂತ ಏರ್ ಫಿಲ್ಟರ್ ಪೈಪ್ ಮುಚ್ಚಿದರೆ ಏನೂ ನೋಡಿದ ಹಾಗಾಗುವುದಿಲ್ಲ.

ಆ ಅಂಚೇ ಮುಖ್ಯ. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ, ತಟ್ಟೆ ಹೆಚ್ಚುಕಡಿಮೆ ಮುಚ್ಚಿಯೇ ಇರುತ್ತದೆ. ಸುತ್ತಲಿನ ಕೂದಲೆಳೆಯಷ್ಟು ಸಂದಿಯಲ್ಲಿ ನುಸುಳುವ ಗಾಳಿಯಲ್ಲೇ ಎಂಜಿನ್ ನಡೆಯಬೇಕು. ಅಲ್ಲಿ ತೆಳ್ಳಗೆ ಜಿಡ್ಡು ಕೂತರೂ ಗಾಳಿ ಕಡಿಮೆಯಾಗುತ್ತದೆ. ಎಲೆಕ್ಟ್ರಾನಿಕ್ ಥ್ರಾಟಲ್ (ಮೋಟಾರು ತಟ್ಟೆ ತಿರುಗಿಸುವಂಥದ್ದು) ಇರುವ ಗಾಡಿಯಲ್ಲಿ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅದನ್ನು ಗಮನಿಸಿ ತಟ್ಟೆಯನ್ನು ಚೂರು ಹೆಚ್ಚು ತೆರೆದು ಸರಿದೂಗಿಸುತ್ತದೆ. ಹೀಗೆ ಬಹಳ ದಿನ ಏನೂ ಗೊತ್ತಾಗುವುದಿಲ್ಲ. ಸರಿದೂಗಿಸುವ ಮಿತಿ ಮುಗಿದ ಮೇಲೆ ಒಂದೊಂದೇ ಲಕ್ಷಣ ಹೊರಗೆ ಬರುತ್ತದೆ: ಸಿಗ್ನಲ್‌ನಲ್ಲಿ ನಿಂತಾಗ ಆರ್‌ಪಿಎಂ ಕುಸಿಯುವುದು, ಎಸಿ ಹಾಕಿದ ಕೂಡಲೇ ಗಾಡಿ ನಡುಗುವುದು, ನಿಲ್ಲಿಸುವ ಹೊತ್ತಿಗೆ ಎಂಜಿನ್ ಆಫ್ ಆಗುವುದು, ಆಕ್ಸಿಲರೇಟರ್ ಮೊದಲು ಒತ್ತಿದಾಗ ಹಿಡಿದುಕೊಂಡಂತಾಗಿ ಆಮೇಲೆ ಒಮ್ಮೆಲೇ ಎಳೆಯುವುದು. ಸ್ಕ್ಯಾನರ್ ಹಾಕಿದರೆ ಪಿ0506, ಅಂದರೆ ಐಡ್ಲಿಂಗ್ ಇರಬೇಕಾದ್ದಕ್ಕಿಂತ ಕಡಿಮೆ ಅನ್ನುವ ಕೋಡ್ ಸಿಗಬಹುದು.

ನನ್ನ ಗೆಳೆಯನ ಪೆಟ್ರೋಲ್ ಕಾರಿನಲ್ಲಿ ಆಗಿದ್ದು ಇದೇ. ಎಸಿ ಕಂಪ್ರೆಸರ್ ಹಿಡಿದುಕೊಂಡಾಗಲೆಲ್ಲ ಸ್ಟೇರಿಂಗ್ ನಡುಗುತ್ತಿತ್ತು. ಏರ್ ಫಿಲ್ಟರ್‌ನಿಂದ ಬರುವ ಪೈಪ್ ಬಿಚ್ಚಿ ಟಾರ್ಚ್ ಹಿಡಿದೆವು. ತಟ್ಟೆಯ ಮುಂಭಾಗ ಹಿತ್ತಾಳೆ ಬಣ್ಣದಲ್ಲಿ ಸ್ವಚ್ಛವಾಗಿಯೇ ಇತ್ತು. ಥ್ರಾಟಲ್ ಬಾಡಿಯನ್ನೇ ಕಳಚಿ ತಿರುಗಿಸಿದಾಗ ಹಿಂದಿನ ಗೋಡೆಯ ಮೇಲೆ, ತಟ್ಟೆ ಬಂದು ಕೂರುವ ಜಾಗದಲ್ಲೇ, ದುಂಡಗೆ ಒಂದು ಕಪ್ಪು ಉಂಗುರ. ಬಟ್ಟೆಯಿಂದ ಒರೆಸಿದರೆ ಒದ್ದೆ ಟಾರಿನಂತೆ ಅಂಟುತ್ತಿತ್ತು. ತೆಗೆದ ಮೇಲೆ ನಡುಕ ನಿಂತಿತು. ನನ್ನ ಗಾಡಿಯದ್ದು ಹೈವೇ ಓಡಾಟ ಹೆಚ್ಚು, ಏರ್ ಫಿಲ್ಟರ್ ಬದಲಿಸುವಾಗಲೆಲ್ಲ ಇಣುಕಿ ನೋಡುತ್ತೇನೆ. ಇಷ್ಟು ವರ್ಷಗಳಲ್ಲಿ ತೊಳೆಯುವ ಅಗತ್ಯ ಬಂದದ್ದು ತೀರಾ ಅಪರೂಪ. ಟ್ರಾಫಿಕ್‌ನಲ್ಲೇ ನಿಂತು ನಿಂತು ಓಡುವ, ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಆಗುವ ಗಾಡಿಗಳಲ್ಲಿ ಕೊಳೆ ಬೇಗ ಸೇರುತ್ತದೆ. ಒಂದೇ ಕಿಲೋಮೀಟರ್ ಲೆಕ್ಕವನ್ನು ಎಲ್ಲ ಗಾಡಿಗೂ ಹಚ್ಚುವುದು ಸರಿಯಲ್ಲ ಅನ್ನುವುದು ಇದಕ್ಕೇ.

ಐಡ್ಲಿಂಗ್ ಸರಿಯಿಲ್ಲ ಅಂದಾಕ್ಷಣ ಥ್ರಾಟಲ್ ಮೇಲೆ ಹಾಕಬೇಡಿ. ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್, ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪ್, ಸವೆದ ಎಂಜಿನ್ ಮೌಂಟಿಂಗ್, ಎಲ್ಲವೂ ಇಂಥದ್ದೇ ನಡುಕ ಕೊಡುತ್ತವೆ.

ಸುಮ್ಮನೆ ಮಾಡಿಸಿದರೆ ನಷ್ಟವೇನು ಅಂತ ಕೆಲವರು ಕೇಳುತ್ತಾರೆ. ನಷ್ಟ ಇದೆ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಕೆಲವು ಥ್ರಾಟಲ್ ಬಾಡಿಗಳ ಒಳಗೆ, ತಟ್ಟೆ ಕೂರುವ ಜಾಗದಲ್ಲಿ, ಕಂಪನಿಯೇ ತೆಳ್ಳನೆ ಲೇಪ ಕೊಟ್ಟಿರುತ್ತದೆ. ನೋಡುವುದಕ್ಕೆ ಮಸಿಯಂತೆಯೇ ಕಪ್ಪಗಿರುವುದರಿಂದ ಕೊಳೆ ಅಂದುಕೊಂಡು ಉಜ್ಜುವವರಿದ್ದಾರೆ. ಕಾರ್ಬ್ಯುರೇಟರ್ ಕ್ಲೀನರ್‌ನಂಥ ಕಟು ದ್ರವ ಹಾಕಿ, ವೈರ್ ಬ್ರಷ್‌ನಲ್ಲಿ ತಿಕ್ಕಿದರೆ ಅದು ಎದ್ದುಬರುತ್ತದೆ. ಆಮೇಲೆ ಬೇಡದ ಗಾಳಿ ನುಗ್ಗಿ ಐಡ್ಲಿಂಗ್ ಆರ್‌ಪಿಎಂ ಏರಿಯೇ ನಿಲ್ಲುತ್ತದೆ. ಅದನ್ನು ಮತ್ತೆ ಬಳಿಯುವುದಕ್ಕಾಗುವುದಿಲ್ಲ, ಥ್ರಾಟಲ್ ಬಾಡಿಯನ್ನೇ ಬದಲಿಸಬೇಕು. ಫೋರ್ಡ್‌ನ ಕೆಲವು ಹಳೆಯ ಎಂಜಿನ್‌ಗಳಲ್ಲಂತೂ ಇದನ್ನು ಕ್ಲೀನ್ ಮಾಡಬೇಡಿ ಅಂತ ಥ್ರಾಟಲ್ ಬಾಡಿ ಮೇಲೇ ಸ್ಟಿಕ್ಕರ್ ಅಂಟಿಸಿರುತ್ತಿದ್ದರು.

ಇನ್ನೊಂದು, ಎಲೆಕ್ಟ್ರಾನಿಕ್ ಥ್ರಾಟಲ್ ಪಕ್ಕದಲ್ಲೇ ಸಣ್ಣ ಮೋಟಾರು, ಹಲವು ಗಾಡಿಗಳಲ್ಲಿ ಪ್ಲಾಸ್ಟಿಕ್ ಗೇರು, ಪೊಸಿಷನ್ ಸೆನ್ಸರ್ ಇರುತ್ತವೆ. ಸ್ಪ್ರೇಯನ್ನು ನೇರ ಒಳಗೆ ಸುರಿದರೆ ದ್ರವ ಶಾಫ್ಟ್ ತುದಿಯಿಂದ ಅಲ್ಲಿಗೆ ಇಳಿಯುತ್ತದೆ. ತಟ್ಟೆಯನ್ನು ಬೆರಳಿನಲ್ಲಿ ಬಲವಂತವಾಗಿ ತಳ್ಳಿದರೆ ಗೇರಿಗೆ ಪೆಟ್ಟು. ಇಗ್ನಿಷನ್ ಆನ್ ಇದ್ದಾಗ ಬೆರಳಿಟ್ಟಿದ್ದರೆ ತಟ್ಟೆ ತಾನಾಗಿಯೇ ಫಟ್ಟನೆ ಮುಚ್ಚಿ ಬೆರಳಿಗೇ ಗಾಯವಾಗಬಹುದು.

ಹಾಗಾಗಿ ಮಾಡಿಸುವುದೇ ಆದರೆ ಪಕ್ಕದಲ್ಲಿ ನಿಂತು ನೋಡಿ, ಕೇಳಿ. ಎಂಜಿನ್ ತಣ್ಣಗಿರಬೇಕು, ಬ್ಯಾಟರಿ ಕನೆಕ್ಷನ್ ತೆಗೆದಿರಬೇಕು. ಡಬ್ಬಿಯ ಮೇಲೆ ಥ್ರಾಟಲ್ ಬಾಡಿ ಕ್ಲೀನರ್ ಅಂತ, ಲೇಪಕ್ಕೂ ಸೆನ್ಸರ್‌ಗೂ ಹಾನಿಯಿಲ್ಲ ಅಂತ ಬರೆದಿರಬೇಕು. ಅದನ್ನು ನೂಲು ಬಿಡದ ಬಟ್ಟೆಗೆ ಹೊಡೆದು, ಬಟ್ಟೆಯಿಂದ ಒರೆಸುವುದು ಸರಿಯಾದ ಕ್ರಮ. ಬೇಗ ಬೆಂಕಿ ಹತ್ತುವ ದ್ರವ ಅದು, ಹತ್ತಿರ ಬೀಡಿ ಸಿಗರೇಟು ಕೂಡದು. ಪೂರ್ತಿ ಕಳಚಿದರೆ ಗ್ಯಾಸ್ಕೆಟ್ (ಜೋಡಣೆಯಲ್ಲಿ ಗಾಳಿ ಸೋರದಂತೆ ತಡೆಯುವ ಪಟ್ಟಿ) ಹೊಸದು ಹಾಕಿಸಿ. ಕೆಲವು ಗಾಡಿಗಳಲ್ಲಿ ಥ್ರಾಟಲ್ ಬಾಡಿಗೆ ಕೂಲಂಟ್ ಪೈಪೂ ಬಂದಿರುತ್ತದೆ, ಅಲ್ಲಿ ಸೋರಿದ್ದನ್ನು ಮತ್ತೆ ತುಂಬಿಸಬೇಕು. ಒಳಬರುವ ಗಾಳಿಯನ್ನು ಅಳೆಯುವ ಎಂಎಎಫ್ ಸೆನ್ಸರ್‌ಗೆ ಇದೇ ಸ್ಪ್ರೇ ಹೊಡೆಯಲು ಬಿಡಬೇಡಿ, ಅದರ ಕ್ಲೀನರ್ ಬೇರೆ.

ಕೇಬಲ್ ಥ್ರಾಟಲ್ (ಆಕ್ಸಿಲರೇಟರ್‌ನ ತಂತಿಯೇ ತಟ್ಟೆ ತೆರೆಯುವಂಥದ್ದು) ಇರುವ ಹಳೆಯ ಗಾಡಿಯವರು ಐಡ್ಲಿಂಗ್‌ನಲ್ಲಿ ತಟ್ಟೆಯ ಪಕ್ಕದಿಂದ ಗಾಳಿ ಬಿಡುವ ಐಡ್ಲ್ ಕಂಟ್ರೋಲ್ ವಾಲ್ವ್‌ನ ದಾರಿಯನ್ನೂ ನೋಡಿಸಿ, ಎಷ್ಟೋ ಸಲ ಕಟ್ಟಿಕೊಂಡಿರುವುದು ಅದು. ತಟ್ಟೆಯನ್ನು ತಡೆಯುವ ಸ್ಕ್ರೂ ಮುಟ್ಟಬಾರದು. ಡೀಸೆಲ್‌ನವರಿಗೆ ಲೆಕ್ಕವೇ ಬೇರೆ. ಅಲ್ಲಿ ಇಜಿಆರ್ ಮಸಿ ಇನ್‌ಟೇಕ್ ಪೂರ್ತಿ ಹರಡುತ್ತದೆ, ಥ್ರಾಟಲ್ ಒಂದನ್ನೇ ತೊಳೆದು ಪ್ರಯೋಜನ ಕಡಿಮೆ.

ಕೆಳಗೆ ಬಂದ ಪ್ರಶ್ನೆಗಳಿಗೆ:

ಪೆಟ್ರೋಲ್ ಟ್ಯಾಂಕಿಗೆ ಕ್ಲೀನರ್ ಹಾಕಿದರೆ ಸಾಲದಾ ಅಂತ ಒಬ್ಬರು ಕೇಳಿದ್ದಾರೆ. ಈಗಿನ ಇಂಜೆಕ್ಟರುಗಳು ಪೆಟ್ರೋಲ್ ಚಿಮ್ಮುವುದು ಥ್ರಾಟಲ್ ದಾಟಿದ ಮೇಲೆ. ಟ್ಯಾಂಕಿಗೆ ಹಾಕಿದ್ದು ಥ್ರಾಟಲ್ ತಟ್ಟೆಯನ್ನು ಮುಟ್ಟುವುದೇ ಇಲ್ಲ. ಪೆಟ್ರೋಲನ್ನು ನೇರ ಸಿಲಿಂಡರ್ ಒಳಗೇ ಚಿಮ್ಮುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ನಲ್ಲಿ ಇನ್‌ಟೇಕ್ ವಾಲ್ವ್‌ನ ಮಸಿಗೂ ಅದು ತಲುಪುವುದಿಲ್ಲ.

ಕ್ಲೀನ್ ಮಾಡಿಸಿದ ಸ್ವಲ್ಪ ಕಾಲಕ್ಕೇ ಮತ್ತೆ ಕಪ್ಪಾಗಿದೆ ಅಂದವರಿಗೆ: ಪಿಸಿವಿ ವಾಲ್ವ್ ಕಟ್ಟಿಕೊಂಡಿದೆಯಾ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಗುರುತು ಮೀರಿದೆಯಾ ನೋಡಿಸಿ. ಮೂಲ ಅಲ್ಲಿದ್ದರೆ ಎಷ್ಟು ಸಲ ತೊಳೆದರೂ ಅಷ್ಟೇ.

ಕ್ಲೀನ್ ಆದ ಮೇಲೆ ಆರ್‌ಪಿಎಂ ಏರಿದೆ, ಕೆಡಿಸಿದರಾ ಅಂತ ಕೇಳಿದವರು ಗಾಬರಿಯಾಗಬೇಡಿ. ಜಿಡ್ಡಿಗೆ ಹೊಂದಿಕೊಂಡು ಇಸಿಯು ತಟ್ಟೆಯನ್ನು ಹೆಚ್ಚು ತೆರೆದಿಟ್ಟಿತ್ತು, ಈಗ ಅದೇ ತೆರವಿನಲ್ಲಿ ಹೆಚ್ಚು ಗಾಳಿ ಬರುತ್ತಿದೆ. ಅದು ಹೊಸದಾಗಿ ಕಲಿಯಬೇಕು. ಕೆಲವು ಗಾಡಿ ಓಡಿಸುತ್ತ ತಾವೇ ಕಲಿಯುತ್ತವೆ, ಕೆಲವಕ್ಕೆ ಸ್ಕ್ಯಾನರ್‌ನಲ್ಲಿ ಐಡ್ಲ್ ರೀಲರ್ನ್ ಮಾಡಿಸಬೇಕು. ಆ ಕೆಲಸ ಮಾಡಿಯೇ ಕೊಡುತ್ತೀರಾ ಅಂತ ಮೊದಲೇ ಕೇಳಿಕೊಳ್ಳಿ. ರೀಲರ್ನ್ ಆದ ಮೇಲೂ ಇಳಿಯದೆ ಪಿ0507, ಅಂದರೆ ಐಡ್ಲಿಂಗ್ ಇರಬೇಕಾದ್ದಕ್ಕಿಂತ ಹೆಚ್ಚು ಅನ್ನುವ ಕೋಡ್ ಬಂದರೆ, ಗ್ಯಾಸ್ಕೆಟ್ ಸರಿಯಾಗಿ ಕೂತಿಲ್ಲ ಅಥವಾ ಯಾವುದೋ ಪೈಪ್ ಸಿಕ್ಕಿಸುವುದನ್ನು ಬಿಟ್ಟಿದ್ದಾರೆ ಎಂಬ ಅನುಮಾನದಿಂದ ಶುರು ಮಾಡಿ, ಗಾಡಿಯನ್ನು ವಾಪಸ್ ಒಯ್ದು ತೆರೆಸಿ ನೋಡಿ.